ಕಂಪನಿ ಗೇಮಿಂಗ್ ಡೆಸ್ಕ್‌ಟಾಪ್ ಕೊಳ್ಳುವ ಬಗೆ: ಜಾಹೀರಾತಿನಲ್ಲಿ ಇಲ್ಲದ್ದನ್ನು ಓದಿ

ಒಳ್ಳೆಯ ಗೇಮಿಂಗ್ ಡೆಸ್ಕ್‌ಟಾಪ್ ಬೇಕೆಂದು ಮನಸ್ಸು ಮಾಡಿದವರ ಎದುರು ಎರಡು ದಾರಿಗಳಿರುತ್ತವೆ. ಒಂದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗೆ ಹೋಗಿ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿಕೊಳ್ಳುವುದು. ಇನ್ನೊಂದು, ಡೆಲ್, ಎಚ್‌ಪಿ, ಲೆನೊವೊ, ಏಸರ್, ಏಸಸ್‌ನಂಥ ದೊಡ್ಡ ಸಂಸ್ಥೆಗಳು ತಾವೇ ಜೋಡಿಸಿ, ಪರೀಕ್ಷಿಸಿ, ತಮ್ಮ ಹೆಸರಿನಲ್ಲಿ ಮಾರುವ ಸಿದ್ಧ ಯಂತ್ರವನ್ನು ಕೊಳ್ಳುವುದು. ಎರಡನೆಯದರ ಬಗ್ಗೆ ತಿಳಿದವರನ್ನು ಕೇಳಿದರೆ "ಸುಮ್ಮನೆ ದುಡ್ಡು ದಂಡ, ಅಸೆಂಬಲ್ ಮಾಡಿಸು" ಎಂಬ ಒಂದೇ ಉತ್ತರ ಬರುತ್ತದೆ. ಅದು ಅರ್ಧ ನಿಜ ಮಾತ್ರ. ಬಿಡಿಭಾಗಗಳ ಬಗ್ಗೆ ಆಸಕ್ತಿಯಿಲ್ಲದವರಿಗೆ, ಕೆಟ್ಟರೆ ಯಾವ ಭಾಗ ಕೆಟ್ಟಿತೆಂದು ಹುಡುಕುವ ವ್ಯವಧಾನ ಇಲ್ಲದವರಿಗೆ, ಊರಿನಲ್ಲಿ ನಂಬಿಕೆಯ ಅಂಗಡಿ ಇಲ್ಲದವರಿಗೆ ಕಂಪನಿ ಯಂತ್ರವೇ ಸರಿಯಾದ ಆಯ್ಕೆಯಾಗಬಹುದು. ಆದರೆ ಹೆಚ್ಚಿಗೆ ಕೊಡುವ ಹಣ ಯಾವುದಕ್ಕೆ ಹೋಗುತ್ತಿದೆ ಎಂಬುದು ಗೊತ್ತಿರಬೇಕು. ಅದು ಹೊಳೆಯುವ ಲೋಗೋಗೆ ಅಲ್ಲ, ಬಣ್ಣದ ದೀಪಗಳಿಗೂ ಅಲ್ಲ. ಕೆಟ್ಟಾಗ ಮನೆಗೆ ಬರುವ ಟೆಕ್ನಿಷಿಯನ್‌ಗೆ ಮತ್ತು ಅವನ ಕೈಯಲ್ಲಿರಬೇಕಾದ ಬಿಡಿಭಾಗಕ್ಕೆ.

ಇದನ್ನು ನಾನು ಕಲಿತದ್ದು ಸ್ವಲ್ಪ ದುಬಾರಿಯಾಗಿಯೇ. ನನ್ನ ಮೊದಲ ಕಂಪನಿ ಗೇಮಿಂಗ್ ಪಿಸಿಯ ವಾರಂಟಿ ಒಂದು ವರ್ಷದ್ದಾಗಿತ್ತು; ಅದರ ಪವರ್ ಸಪ್ಲೈ (ಒಳಗಿನ ಎಲ್ಲಕ್ಕೂ ವಿದ್ಯುತ್ ಹಂಚುವ ಭಾಗ) ಸತ್ತದ್ದು 14ನೇ ತಿಂಗಳಿನಲ್ಲಿ. ಹೊಸದೊಂದನ್ನು ಕೊಂಡು ಹಾಕಿದರಾಯಿತು ಎಂದುಕೊಂಡು, ಸತ್ತದ್ದನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ವಯರಿನ ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದು ಕಂಪನಿ ಪೀಸು. ಪಿನ್ನೇ ಬೇರೆ. ನಮ್ಮ ಹತ್ತಿರ ಇರೋದು ಯಾವುದೂ ಇದಕ್ಕೆ ಕೂರಲ್ಲ" ಎಂದು ವಾಪಸು ಕೊಟ್ಟರು. ಪಕ್ಕದ ನಾಲ್ಕು ಅಂಗಡಿಗಳಲ್ಲಿಯೂ ಅದೇ ಮಾತು. ಕೊನೆಗೆ ಕಂಪನಿಯ ಸರ್ವಿಸ್ ಸೆಂಟರಿನಿಂದಲೇ ತರಿಸಿಕೊಳ್ಳಬೇಕಾಯಿತು. ಬರಲು ಐದು ವಾರ ಹಿಡಿಯಿತು. ಕೊಳ್ಳುವಾಗ ನಾನು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಮೂರು ರಾತ್ರಿ ಓದಿದ್ದೆ; ಪವರ್ ಸಪ್ಲೈ ಬಗ್ಗೆ ಮೂರು ನಿಮಿಷವೂ ಯೋಚಿಸಿರಲಿಲ್ಲ. ಈ ಬರಹದ ಹಂತಗಳು ಆ ಐದು ವಾರಗಳಲ್ಲಿ ಹುಟ್ಟಿಕೊಂಡವು.

ಹಂತ 1: ಮೊದಲು ಪರದೆಯನ್ನು ನಿರ್ಧರಿಸಿ

ಯಂತ್ರದ ಶಕ್ತಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಮಾನಿಟರ್. 2560 x 1440 ಪಿಕ್ಸೆಲ್‌ಗಳ ಪರದೆಗೆ ಹೋಲಿಸಿದರೆ 4ಕೆ (3840 x 2160) ಪರದೆಯಲ್ಲಿ ಎರಡೂಕಾಲು ಪಟ್ಟು ಪಿಕ್ಸೆಲ್‌ಗಳಿರುತ್ತವೆ, ಅಂದರೆ ಗ್ರಾಫಿಕ್ಸ್ ಕಾರ್ಡಿನ ದುಡಿಮೆಯೂ ಸರಿಸುಮಾರು ಅಷ್ಟು ಏರುತ್ತದೆ. ಮೂರು ಲಕ್ಷದ ಯಂತ್ರವನ್ನು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ ಹಳೆಯ 60 ಹರ್ಟ್ಸ್ ಮಾನಿಟರಿಗೆ ಜೋಡಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಹಣದ ಬಹುಭಾಗ ಅವರ ಕಣ್ಣಿಗೇ ಬೀಳುವುದಿಲ್ಲ. 27 ಇಂಚಿನ 1440ಪಿ (ಮೇಲೆ ಹೇಳಿದ 2560 x 1440), 144 ಹರ್ಟ್ಸ್ ಅಥವಾ ಅದಕ್ಕಿಂತ ವೇಗದ ಮಾನಿಟರ್ ಬಹುತೇಕರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಪರದೆಯ ಆಸೆಯಿದ್ದವರಿಗೆ ಒಂದು ಒಳ್ಳೆಯ ಸುದ್ದಿ: 32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲಿದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ.

ಹಂತ 2: ಗ್ರಾಫಿಕ್ಸ್ ಕಾರ್ಡು ಮತ್ತು ಪ್ರೊಸೆಸರ್

ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದು ಇವೆರಡೇ ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎನ್‌ವಿಡಿಯಾ 2025ರ ಜನವರಿಯಲ್ಲಿ ಪ್ರಕಟಿಸಿದ 50ರ ಸರಣಿಯಲ್ಲಿ ಆರ್‌ಟಿಎಕ್ಸ್ 5070ಕ್ಕೆ 12 ಜಿಬಿ, 5070 ಟಿಐ ಮತ್ತು 5080ಕ್ಕೆ 16 ಜಿಬಿ, 5090ಕ್ಕೆ 32 ಜಿಬಿ ಗ್ರಾಫಿಕ್ಸ್ ಮೆಮೊರಿ ಇದೆ. 1440ಪಿ ಪರದೆಗೆ 5070 ಟಿಐ ಧಾರಾಳವಾಗಿ ಸಾಲುತ್ತದೆ. 4ಕೆ ಆಡುವವರು 5080ರ ಕಡೆ ನೋಡಬಹುದು. 5090 ಆಟಕ್ಕಿಂತ ಹೆಚ್ಚಾಗಿ ವಿಡಿಯೊ, ತ್ರೀಡಿ ಅಥವಾ ಎಐ ಕೆಲಸವನ್ನೂ ಅದೇ ಯಂತ್ರದಲ್ಲಿ ಮಾಡುವವರಿಗೆ ಅರ್ಥಪೂರ್ಣ. ಬರೀ ಆಟಕ್ಕೆ ಅದನ್ನು ಕೊಳ್ಳುವುದು ಮನೆಯಿಂದ ಸಂತೆಗೆ ಹೋಗಲು ಲಾರಿ ಕೊಂಡಂತೆ. ಕೆಳಗಿನ ಹಂತದ 5060 ಟಿಐ 8 ಮತ್ತು 16 ಜಿಬಿಯ ಎರಡು ರೂಪಗಳಲ್ಲಿ ಬರುತ್ತದೆ. ಹೆಸರು ಒಂದೇ ಆದರೂ ಯಂತ್ರದ ಬಾಳಿಕೆ ಒಂದೇ ಅಲ್ಲ, ಏಕೆಂದರೆ ಗ್ರಾಫಿಕ್ಸ್ ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಕಂಪನಿಯ ಪುಟದಲ್ಲಿ ಜಿಬಿ ಎಷ್ಟೆಂದು ಬರೆದಿರದಿದ್ದರೆ ಕಡಿಮೆಯದ್ದೇ ಇದೆ ಎಂದು ತಿಳಿದುಕೊಂಡು ಮುಂದೆ ಹೋಗುವುದು ಕ್ಷೇಮ.

ಪ್ರೊಸೆಸರ್‌ಗಳಲ್ಲಿ ಎಎಂಡಿಯ ರೈಜನ್ 7 9800ಎಕ್ಸ್3ಡಿ 2024ರ ನವೆಂಬರಿನಲ್ಲಿ ಬಂದದ್ದು. ಅದರಲ್ಲಿರುವುದು ಎಂಟೇ ಕೋರ್‌ಗಳಾದರೂ (ಒಟ್ಟೊಟ್ಟಿಗೆ ಲೆಕ್ಕ ಮಾಡುವ ಘಟಕಗಳು) 96 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್‌ನೊಳಗಿನ ವೇಗದ ಮೆಮೊರಿ, ಇರುವುದರಿಂದ ಆಟಗಳಲ್ಲಿ 24 ಕೋರ್‌ಗಳ ಇಂಟೆಲ್ ಕೋರ್ ಅಲ್ಟ್ರಾ 9 285ಕೆಗಿಂತ ಮುಂದಿರುತ್ತದೆ. ಹೆಚ್ಚು ಕೋರ್‌ಗಳ ಲಾಭ ಸಿಗುವುದು ವಿಡಿಯೊ ಎಡಿಟಿಂಗ್, ಕಂಪೈಲಿಂಗ್‌ನಂಥ ಕೆಲಸಗಳಲ್ಲಿ. ಹಬ್ಬದ ಮಾರಾಟಗಳಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಯಂತ್ರಗಳು ಅಗ್ಗವಾಗಿ ಕಾಣಿಸುತ್ತವೆ. ಆ ತಲೆಮಾರಿನ ಮೇಲ್ದರ್ಜೆಯ ಚಿಪ್‌ಗಳಲ್ಲಿ ವೋಲ್ಟೇಜ್ ಏರಿ ಆಟಗಳು ಕುಸಿದು ಬೀಳುವ ತೊಂದರೆ ಕಾಣಿಸಿಕೊಂಡು, ಇಂಟೆಲ್ 2024ರ ಆಗಸ್ಟಿನಿಂದ ಅದಕ್ಕೆ ಬಯಾಸ್ (ಮದರ್‌ಬೋರ್ಡಿನಲ್ಲಿಯೇ ಇರುವ ಮೂಲ ತಂತ್ರಾಂಶ) ಮೂಲಕ ತಿದ್ದುಪಡಿಗಳನ್ನು ಕೊಟ್ಟಿದೆ. ಅಂಥದ್ದನ್ನು ಕೊಳ್ಳುವುದಾದರೆ ಮೊದಲ ಆಟ ಆಡುವ ಮುನ್ನವೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು.

ಹಂತ 3: ಯಾರೂ ಹೇಳದ ನಾಲ್ಕು ಭಾಗಗಳನ್ನು ಕೇಳಿ ತಿಳಿಯಿರಿ

ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್, ಪವರ್ ಸಪ್ಲೈ, ಪ್ರೊಸೆಸರಿನ ಬಿಸಿ ಇಳಿಸುವ ಕೂಲರ್, ರ‍್ಯಾಮ್ ಜೋಡಣೆ. ಕಂಪನಿಗಳು ಖರ್ಚು ಉಳಿಸುವುದೂ ಇಲ್ಲಿಯೇ, ನೀವು ಮುಂದೆ ಸಿಕ್ಕಿಬೀಳುವುದೂ ಇಲ್ಲಿಯೇ.

ಮದರ್‌ಬೋರ್ಡಿನ ಅಳತೆ, ತೂತುಗಳ ಜಾಗ, ವಿದ್ಯುತ್ ಕನೆಕ್ಟರ್ ಎಲ್ಲವೂ ಹೀಗೇ ಇರಬೇಕೆಂಬ ಎಟಿಎಕ್ಸ್ ಎಂಬ ಮಾನದಂಡವನ್ನು ಇಂಟೆಲ್ 1995ರಲ್ಲಿಯೇ ರೂಪಿಸಿತು. ಎಸ್.ಪಿ. ರಸ್ತೆಯಲ್ಲಿ ಸಿಗುವ ಭಾಗಗಳೆಲ್ಲ ಇದಕ್ಕೆ, ಅಥವಾ ಇದರ ಚಿಕ್ಕ ರೂಪವಾದ ಮೈಕ್ರೊ ಎಟಿಎಕ್ಸ್‌ಗೆ ಹೊಂದುತ್ತವೆ. ದೊಡ್ಡ ಸಂಸ್ಥೆಗಳಿಗೆ ಈ ಕಟ್ಟುಪಾಡಿಲ್ಲ. ತಮ್ಮ ಪೆಟ್ಟಿಗೆಗೆ ತಕ್ಕಂತೆ ಬೋರ್ಡನ್ನು ತಾವೇ ವಿನ್ಯಾಸ ಮಾಡಿಸಿಕೊಳ್ಳುತ್ತವೆ. ಉದಾಹರಣೆಗೆ, ಡೆಲ್ 2006ರಲ್ಲಿ ಕೊಂಡ ಏಲಿಯನ್‌ವೇರ್ ಹೆಸರಿನ ಅರೋರ ಆರ್16 ಮಾದರಿಯಲ್ಲಿ ಇರುವುದು ಕಂಪನಿಯದೇ ಅಳತೆಯ ಬೋರ್ಡು. ಆ ಪೆಟ್ಟಿಗೆಯನ್ನು ಇಟ್ಟುಕೊಂಡು ನಾಳೆ ಹೊಸ ಬೋರ್ಡು ಕೂರಿಸುತ್ತೇನೆ ಎನ್ನುವ ಹಾಗಿಲ್ಲ. ಅದೇ ಸಂಸ್ಥೆ 2025ರಲ್ಲಿ ಏರಿಯಾ-51 ಹೆಸರನ್ನು ಮತ್ತೆ ತಂದಾಗ ಎಟಿಎಕ್ಸ್ ಭಾಗಗಳು ಹೊಂದುವಂತೆ ಅದನ್ನು ರೂಪಿಸಿತು. ಕೊಳ್ಳುವವರ ಗೊಣಗಾಟ ಎಲ್ಲೋ ಮುಟ್ಟಿರಬೇಕು. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೇ ಇಷ್ಟು ವ್ಯತ್ಯಾಸ ಇರುವುದರಿಂದ ಹೆಸರನ್ನು ನಂಬದೆ ಮಾದರಿಯನ್ನು ನೋಡಬೇಕು.

ನೋಡುವುದು ಹೇಗೆ? ಕಂಪನಿಯ ಸಪೋರ್ಟ್ ವಿಭಾಗದಲ್ಲಿ ಹಲವು ಮಾದರಿಗಳಿಗೆ ಸರ್ವಿಸ್ ಮ್ಯಾನುಯಲ್ ಸಿಗುತ್ತದೆ. ಅದರಲ್ಲಿ ಪವರ್ ಸಪ್ಲೈ ಬಿಚ್ಚುವ ಪುಟ ಮತ್ತು ಮದರ್‌ಬೋರ್ಡ್ ಬಿಚ್ಚುವ ಪುಟಗಳನ್ನು ತೆರೆಯಿರಿ. ಬೋರ್ಡಿಗೆ ಹೋಗುವ ಮುಖ್ಯ ಕನೆಕ್ಟರಿನಲ್ಲಿ 24 ಪಿನ್‌ಗಳಿವೆಯೇ, ಪೆಟ್ಟಿಗೆಯ ಫ್ಯಾನುಗಳು ಸಾಮಾನ್ಯ 120 ಮಿಲಿಮೀಟರಿನವೇ, ಅವುಗಳ ವಯರು ಸಾಮಾನ್ಯ 4 ಪಿನ್‌ಗಳದ್ದೇ ಎಂದು ಚಿತ್ರದಲ್ಲಿಯೇ ಎಣಿಸಬಹುದು. ಹೌದು ಎಂದಾದರೆ ಹತ್ತು ವರ್ಷವಾದರೂ ಆ ಯಂತ್ರಕ್ಕೆ ಹೊರಗಿನ ಭಾಗ ಸಿಗುತ್ತದೆ. ಇಲ್ಲ ಎಂದಾದರೆ ಕೊಳ್ಳಬಾರದೆಂದೇನಿಲ್ಲ, ಆದರೆ ವಾರಂಟಿ ಎಷ್ಟು ವರ್ಷವೋ ಯಂತ್ರದ ಆಯುಸ್ಸೂ ಅಷ್ಟೇ ಎಂದು ಲೆಕ್ಕ ಹಾಕಿ, ಬೆಲೆಯನ್ನು ಆ ಕಣ್ಣಿನಿಂದ ತೂಗಬೇಕು.

ಪವರ್ ಸಪ್ಲೈ ಎಷ್ಟು ವಾಟ್ ಇರಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಆರ್‌ಟಿಎಕ್ಸ್ 5080 ಒಂದೇ 360 ವಾಟ್ ಎಳೆಯುತ್ತದೆ. ಪ್ರೊಸೆಸರಿಗೆ 160 ಸೇರಿಸಿ. ರ‍್ಯಾಮ್, ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡ್ರೈವ್), ಫ್ಯಾನು, ಯುಎಸ್‌ಬಿಗಳಿಗೆಂದು 80 ಹಿಡಿದರೆ 600 ಆಯಿತು. ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೂ ಹೆಚ್ಚು ಎಳೆಯುವ ಸ್ವಭಾವದವಾದ್ದರಿಂದ ಈ ಕಾರ್ಡಿಗೆ ಎನ್‌ವಿಡಿಯಾ 850 ವಾಟ್‌ನ ಪವರ್ ಸಪ್ಲೈ ಇರಲಿ ಎನ್ನುತ್ತದೆ. 575 ವಾಟ್‌ನ 5090ಕ್ಕೆ ಅದರ ಸಲಹೆ 1000 ವಾಟ್, 5070 ಟಿಐಗೆ 750, 5070ಕ್ಕೆ 650. ಕಂಪನಿಗಳು ಒಂದೇ ಪೆಟ್ಟಿಗೆಯನ್ನು ಐದಾರು ಕಾರ್ಡುಗಳ ಆಯ್ಕೆಯೊಂದಿಗೆ ಮಾರುತ್ತವೆ. ನೀವು ಕೆಳಗಿನ ಕಾರ್ಡು ಆರಿಸಿದರೆ ಪವರ್ ಸಪ್ಲೈ ಕೂಡ ಚಿಕ್ಕದೇ ಬರಬಹುದು. ಎರಡು ವರ್ಷದ ನಂತರ ಕಾರ್ಡು ಮಾತ್ರ ಬದಲಿಸಿಕೊಳ್ಳುವ ಯೋಚನೆಯಿದ್ದರೆ ಈಗಲೇ ದೊಡ್ಡ ಪವರ್ ಸಪ್ಲೈ ಇರುವ ರೂಪವನ್ನು ಕೇಳಿ ತೆಗೆದುಕೊಳ್ಳಬೇಕು.

ಕೂಲರಿನ ವಿಷಯದಲ್ಲಿ ನಮ್ಮ ಹವೆಯೇ ಮುಖ್ಯ. ಯಂತ್ರಗಳ ವಿಮರ್ಶೆ ನಡೆಯುವುದು ಬಹುಪಾಲು ಎಸಿ ಹಾಕಿದ, 21–22 ಡಿಗ್ರಿಯ ಕೋಣೆಗಳಲ್ಲಿ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್–ಮೇ ತಿಂಗಳಿನಲ್ಲಿ ಹೊರಗಿನ ಬಿಸಿಲೇ 40 ದಾಟಿರುವಾಗ, ಮಹಡಿ ಮೇಲಿನ ಕೋಣೆಯಲ್ಲಿ ಅದೇ ಯಂತ್ರ ಅಷ್ಟೇ ಡಿಗ್ರಿ ಹೆಚ್ಚು ಕಾಯುತ್ತದೆ. ಆದ್ದರಿಂದ ಪ್ರೊಸೆಸರಿಗೆ ಒಂದೇ 120 ಮಿಲಿಮೀಟರ್ ರೇಡಿಯೇಟರಿನ (ಪಂಪಿನಿಂದ ಬರುವ ಬಿಸಿ ದ್ರವವನ್ನು ತಣಿಸುವ ಭಾಗ) ಕೂಲರ್ ಇರುವ ಮಾದರಿಗಿಂತ 240 ಅಥವಾ 360 ಮಿಲಿಮೀಟರಿನದ್ದು ಇರುವುದನ್ನು ಆರಿಸುವುದು ಮೇಲು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ್ದರೆ ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಕೇಳಿ. ಎಚ್‌ಪಿಯ ಓಮೆನ್ 45ಎಲ್‌ನಲ್ಲಿ ರೇಡಿಯೇಟರನ್ನು ಪೆಟ್ಟಿಗೆಯ ಮೇಲೆ ಬೇರೆಯೇ ಗೂಡಿನಲ್ಲಿ ಇಟ್ಟು ಹೊರಗಿನ ಗಾಳಿ ನೇರವಾಗಿ ಸಿಗುವಂತೆ ಮಾಡಿದ್ದಾರೆ. ನೋಡಲು ವಿಚಿತ್ರವಾದರೂ ನಮ್ಮ ಸೆಕೆಗೆ ಒಪ್ಪುವ ಏರ್ಪಾಡು. ಧೂಳು ತಡೆಯುವ ಜಾಲರಿಯನ್ನು ಸ್ಕ್ರೂ ಬಿಚ್ಚದೆ ಎಳೆದು ತೊಳೆಯುವಂತಿರಬೇಕು ಎಂಬುದನ್ನು ಮನೆಯಲ್ಲಿ ಕಸ ಗುಡಿಸುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ರ‍್ಯಾಮ್‌ನಲ್ಲಿ ಒಟ್ಟು ಜಿಬಿಗಿಂತ ಎಷ್ಟು ಕಡ್ಡಿ ಎಂಬುದು ಮುಖ್ಯ ಪ್ರಶ್ನೆ. 32 ಜಿಬಿ ಎಂದರೆ 16ರ ಎರಡು ಕಡ್ಡಿಗಳಿರಬೇಕು. ಒಂದೇ ಕಡ್ಡಿ ಇದ್ದರೆ ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ದಾರಿ ಅರ್ಧಕ್ಕರ್ಧ ಕಿರಿದಾಗಿ, ಹಲವು ಆಟಗಳಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಮೊದಲೆಲ್ಲ "ಕಡಿಮೆ ರ‍್ಯಾಮ್ ಇರುವುದನ್ನು ಕೊಂಡು, ಆಮೇಲೆ ಹೊರಗಿನಿಂದ ಹಾಕಿಸಿಕೊಳ್ಳಿ" ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. 2025ರ ಕೊನೆಯ ತಿಂಗಳುಗಳಿಂದ ಎಐ ಸರ್ವರುಗಳ ಬೇಡಿಕೆಯಿಂದಾಗಿ ಬಿಡಿ ರ‍್ಯಾಮ್ ಬೆಲೆ ವಿಪರೀತ ಏರಿದ ಮೇಲೆ ಆ ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ. ಈಗ ಕೊಳ್ಳುವಾಗಲೇ 32 ಜಿಬಿಯ ರೂಪಕ್ಕೆ ಕಂಪನಿ ಕೇಳುವ ಹೆಚ್ಚುವರಿ ಹಣವನ್ನೂ ಅಂಗಡಿಯ ಬಿಡಿ ಬೆಲೆಯನ್ನೂ ಅದೇ ದಿನ ಹೋಲಿಸಿ ನೋಡಿ. ಕಂಪನಿಯೇ ಅಗ್ಗವಾಗಿ ಕಂಡರೆ ಆಶ್ಚರ್ಯಪಡಬೇಡಿ. ಎಸ್‌ಎಸ್‌ಡಿ 1 ಟಿಬಿಗಿಂತ ಕಡಿಮೆ ಬೇಡ, ಎರಡನೆಯದಕ್ಕೆ ಖಾಲಿ ಜಾಗ ಇರಲಿ.

ಹಂತ 4: ಬೆಲೆಯನ್ನು ಹೋಲಿಸುವ ಕ್ರಮ

ಅದೇ ಪ್ರೊಸೆಸರ್, ಅದೇ ಕಾರ್ಡು, ಅಷ್ಟೇ ರ‍್ಯಾಮ್ ಮತ್ತು ಎಸ್‌ಎಸ್‌ಡಿ, ವಿಂಡೋಸ್ 11ರ ಅಸಲಿ ಲೈಸೆನ್ಸ್, ಜಿಎಸ್‌ಟಿ ಎಲ್ಲವೂ ಸೇರಿ ಒಂದು ಅಸೆಂಬಲ್ ಯಂತ್ರಕ್ಕೆ ಎಷ್ಟಾಗುತ್ತದೆಂದು ಅಂಗಡಿಯಿಂದ ಕೊಟೇಶನ್ ಬರೆಸಿಕೊಳ್ಳಿ. ವಿಂಡೋಸ್ ಬೆಲೆಯನ್ನು ಬಿಟ್ಟು ಹೋಲಿಸುವುದು ಈ ಚರ್ಚೆಯಲ್ಲಿ ನಡೆಯುವ ಮಾಮೂಲಿ ಮೋಸ. ನಂತರ ಕಂಪನಿ ಯಂತ್ರದ ಬೆಲೆಗೆ ಮೂರು ವರ್ಷಗಳ ಆನ್‌ಸೈಟ್ (ಮನೆಗೇ ಬಂದು ಸರಿಪಡಿಸುವ) ವಾರಂಟಿಯ ಹಣವನ್ನು ಸೇರಿಸಿ. ವ್ಯತ್ಯಾಸ ಶೇ 15ರೊಳಗೆ ಇದ್ದರೆ ನಾನು ಕಂಪನಿಯದನ್ನೇ ಆರಿಸುತ್ತೇನೆ. ಶೇ 30ರ ಹತ್ತಿರ ಹೋದರೆ ಆ ಹಣದಲ್ಲಿ ಒಳ್ಳೆಯ ಮಾನಿಟರ್ ಬರುತ್ತದೆ. ಆಗ ಅಸೆಂಬಲ್ ಮಾಡಿಸುವುದೇ ಜಾಣತನ.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಒಂದು ಮಾತು. ಅಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ ಅಷ್ಟೆ. ಬ್ಯಾಂಕು ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿಯನ್ನೂ ಸಾಮಾನ್ಯವಾಗಿ ಒಂದಿಷ್ಟು ಪ್ರೊಸೆಸಿಂಗ್ ಶುಲ್ಕವನ್ನೂ ಹಾಕುತ್ತದೆ. ಒಟ್ಟಿಗೇ ಹಣ ಕೊಟ್ಟರೆ ಬೇರೆ ರಿಯಾಯಿತಿ ಇದೆಯೇ ಎಂದು ಕೇಳಿಕೊಂಡು ನಿರ್ಧರಿಸಬೇಕು. ಸ್ವಂತ ಉದ್ಯಮವಿದ್ದು ಜಿಎಸ್‌ಟಿ ನೋಂದಣಿ ಇರುವವರು, ಯಂತ್ರವನ್ನು ನಿಜವಾಗಿಯೂ ಕೆಲಸಕ್ಕೆ ಬಳಸುವುದಾದರೆ, ತಮ್ಮ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿಸಿಕೊಂಡು ತೆರಿಗೆಯ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

ಅಮೆರಿಕದಲ್ಲಿರುವ ಅಣ್ಣನಿಂದಲೋ ಅಕ್ಕನಿಂದಲೋ ತರಿಸಿಕೊಂಡರೆ ಅಗ್ಗವಲ್ಲವೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲಿಯೂ ಬರುತ್ತದೆ. ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಡೆಸ್ಕ್‌ಟಾಪಿಗೆ ಆ ಸೌಲಭ್ಯ ಇಲ್ಲ. ಮೇಲಾಗಿ ಅಲ್ಲಿ ಕೊಂಡ ಯಂತ್ರಕ್ಕೆ ಇಲ್ಲಿ ಆನ್‌ಸೈಟ್ ಸೇವೆ ಸಿಗುತ್ತದೆಂಬ ಖಾತ್ರಿಯಿಲ್ಲ. ಸೇವೆಯೇ ಇಲ್ಲದ ಮೇಲೆ ಕಂಪನಿ ಯಂತ್ರ ಕೊಳ್ಳುವ ಅರ್ಥವೇ ಉಳಿಯುವುದಿಲ್ಲ.

ಹಂತ 5: ವಾರಂಟಿಯ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ

ಹಣ ಕೊಡುವ ಮುನ್ನ ಕಂಪನಿಯ ಮಾರಾಟ ವಿಭಾಗಕ್ಕೆ ಇಮೇಲ್ ಬರೆದು ಅಥವಾ ಚಾಟ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ವಾರಂಟಿ ಆನ್‌ಸೈಟೋ, ನಾವೇ ಹೊತ್ತುಕೊಂಡು ಹೋಗಬೇಕಾದ ಕ್ಯಾರಿ-ಇನ್ನೋ? ನನ್ನ ಪಿನ್‌ಕೋಡಿಗೆ ಟೆಕ್ನಿಷಿಯನ್ ಬರುತ್ತಾರೆಯೇ? "ಮರುದಿನ ಸೇವೆ" ಎಂಬುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಗೆ ನಿಜವಿದ್ದು, ಶಿರಸಿಗೋ ಮಡಿಕೇರಿಗೋ ಬೇರೆ ಇರಬಹುದು. ರ‍್ಯಾಮ್ ಅಥವಾ ಎಸ್‌ಎಸ್‌ಡಿ ನಾನೇ ಸೇರಿಸಿದರೆ ವಾರಂಟಿ ಉಳಿಯುತ್ತದೆಯೇ? ಹಾಳಾದ ಗ್ರಾಫಿಕ್ಸ್ ಕಾರ್ಡಿನ ಬದಲು ಹೊಸದು ಕೊಡುತ್ತಾರೋ, ರಿಪೇರಿಯಾದದ್ದನ್ನೋ? ಅಂಗಡಿಯ ದಾಸ್ತಾನಿನಿಂದ ಕೊಂಡಿದ್ದರೆ ವಾರಂಟಿ ಶುರುವಾಗುವುದು ಬಿಲ್ಲಿನ ತಾರೀಖಿನಿಂದಲೋ, ಯಂತ್ರ ಕಾರ್ಖಾನೆ ಬಿಟ್ಟ ದಿನದಿಂದಲೋ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಗೋದಾಮಿನಲ್ಲಿ ಐದು ತಿಂಗಳು ಕೂತಿದ್ದ ಯಂತ್ರದ ವಾರಂಟಿ ಕಂಪನಿಯ ದಾಖಲೆಯಲ್ಲಿ ಐದು ತಿಂಗಳು ಸವೆದಿರಬಹುದು. ಸೀರಿಯಲ್ ಸಂಖ್ಯೆ ಹಾಕಿ ನೋಡಿದರೆ ತಿಳಿಯುತ್ತದೆ. ಬಿಲ್ಲನ್ನು ಕಳಿಸಿದರೆ ತಿದ್ದಿಕೊಡುತ್ತಾರೆ.

ಹಂತ 6: ಮನೆಯ ವಿದ್ಯುತ್ತನ್ನು ಸಿದ್ಧಮಾಡಿ

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವ ನಿಮಗೆ ಹಳೆಯ ಪಿಸಿಯಲ್ಲಿ ಆಗಿದ್ದರೆ, ಅದು ಪಿಸಿಯ ತಪ್ಪಲ್ಲ, ಮನೆಯ ಅರ್ಥಿಂಗ್ ಸರಿಯಿಲ್ಲ ಎಂಬ ಸೂಚನೆ. ಯಂತ್ರ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಪಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಅದು ಒಮ್ಮೆ ಕೀ ಎಂದು ಯಂತ್ರದೊಂದಿಗೆ ತಾನೂ ಮಲಗುತ್ತದೆ. 600 ವಾಟ್‌ನ ಯಂತ್ರ ಮತ್ತು ಮಾನಿಟರ್ ಎರಡಕ್ಕೂ ಕನಿಷ್ಠ 1500 ವಿಎ ಇರುವ, ಶುದ್ಧ ಸೈನ್ ವೇವ್ (ಲೈನಿನ ಕರೆಂಟಿನಂಥ ನಯವಾದ ಅಲೆ) ಕೊಡುವ ಯುಪಿಎಸ್ ಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಈ ಪವರ್ ಸಪ್ಲೈಗಳು ಗುಂಯ್ಗುಡುತ್ತವೆ, ಕೆಲವು ಆರಿಯೇ ಹೋಗುತ್ತವೆ. ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಪಿಸಿ, ಮಾನಿಟರ್, ಟೇಬಲ್ ಫ್ಯಾನ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಸಿಕ್ಕಿಸುವ ಅಭ್ಯಾಸ ಬಿಡಬೇಕು.

ಬಿಲ್ಲಿನ ಲೆಕ್ಕವನ್ನೂ ಮನೆಯವರೊಂದಿಗೆ ಮೊದಲೇ ಆಡಿಕೊಳ್ಳುವುದು ಒಳ್ಳೆಯದು. 500 ವಾಟ್‌ನಂತೆ ದಿನಕ್ಕೆ ನಾಲ್ಕು ಗಂಟೆ ಆಡಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 150 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಯನ್ನು ಗೆರೆ ದಾಟಿಸಲು ಈ 60 ಯೂನಿಟ್ ಸಾಕು.

ಹಂತ 7: ಪೆಟ್ಟಿಗೆ ತೆರೆಯುವ ದಿನ

ಪೆಟ್ಟಿಗೆಯ ಸೀಲು ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಶುರುಮಾಡಿ, ಸೀರಿಯಲ್ ಸಂಖ್ಯೆ ತೋರಿಸಿ, ಕಡಿತವಿಲ್ಲದೆ ತೆರೆಯಿರಿ. ಸ್ವಿಚ್ ಹಾಕುವ ಮುನ್ನ ಪಕ್ಕದ ಬಾಗಿಲನ್ನು ತೆಗೆದು ಒಳಗೆ ನೋಡಬೇಕು. ಸಾಗಣೆಯಲ್ಲಿ ಭಾರವಾದ ಕಾರ್ಡು ಅಲುಗಾಡದಿರಲೆಂದು ಕೆಲವು ಸಂಸ್ಥೆಗಳು ಒಳಗೇ ಫೋಮ್ ತುಂಬಿರುತ್ತವೆ. ಅದನ್ನು ತೆಗೆಯದೆ ಚಾಲೂ ಮಾಡಿದರೆ ಫ್ಯಾನು ತಿರುಗದೆ ಯಂತ್ರ ಕಾಯುತ್ತದೆ. ಕಾರ್ಡು ತನ್ನ ಸ್ಲಾಟಿನಲ್ಲಿ ಓರೆಯಾಗದೆ ಕೂತಿದೆಯೇ, ಅದಕ್ಕೆ ಬರುವ 16 ಪಿನ್‌ನ ವಿದ್ಯುತ್ ಕನೆಕ್ಟರ್ ಸಂದು ಕಾಣದಂತೆ ಪೂರ್ತಿ ಒಳಗೆ ಹೋಗಿದೆಯೇ ಎಂದು ಬೆಳಕು ಬಿಟ್ಟು ನೋಡಿ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಈ ಬಗೆಯ ಕನೆಕ್ಟರುಗಳು ಕರಗಿದ ಪ್ರಕರಣಗಳಲ್ಲಿ ಸರಿಯಾಗಿ ಒತ್ತಿ ಕೂರಿಸದಿರುವುದು ಒಂದು ಮುಖ್ಯ ಕಾರಣವಾಗಿತ್ತು.

ಇನ್ನು ಮಾನಿಟರ್ ಕೇಬಲ್. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗ ಹೊಸ ಯಂತ್ರ ಬಂದ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾವ, ಮೋಸ ಹೋದ್ವಿ ಅನ್ಸುತ್ತೆ. ಕಾರ್ ರೇಸ್ ಹಾಕಿದ್ರೆ ಕಾರು ತಳ್ಳೋ ಗಾಡಿ ಥರ ಹೋಗ್ತಿದೆ." ಹಿಂಭಾಗದ ಫೋಟೊ ಕಳಿಸು ಎಂದೆ. ಎಚ್‌ಡಿಎಂಐ ಕೇಬಲ್ ಮೇಲ್ಗಡೆ, ಯುಎಸ್‌ಬಿ ತೂತುಗಳ ಪಕ್ಕದಲ್ಲಿ, ಅಂದರೆ ಮದರ್‌ಬೋರ್ಡಿಗೆ ಸಿಕ್ಕಿಕೊಂಡಿತ್ತು; ಅದರ ಒಂದು ಗೇಣು ಕೆಳಗೆ, ಒಂದು ಲಕ್ಷದ ಗ್ರಾಫಿಕ್ಸ್ ಕಾರ್ಡಿನ ನಾಲ್ಕು ಪೋರ್ಟುಗಳ ಪ್ಲಾಸ್ಟಿಕ್ ಮುಚ್ಚಳವೂ ಹಾಗೇ ಇತ್ತು. ಕೇಬಲನ್ನು ಕೆಳಗಿನ, ಅಡ್ಡಡ್ಡಲಾಗಿರುವ ಪೋರ್ಟಿಗೆ ಹಾಕಿಸಿ, ನಂತರ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ತಾನಾಗಿ 60 ಹರ್ಟ್ಸ್‌ಗೆ ನಿಂತಿದ್ದುದನ್ನು 165ಕ್ಕೆ ಏರಿಸಲು ಹೇಳಿದೆ. ಹನ್ನೊಂದಕ್ಕೆ ಮತ್ತೆ ಫೋನ್ ಬಂತು, ಈ ಸಲ ಅಕ್ಕನದು: ಹುಡುಗ ಊಟಕ್ಕೇ ಬರುತ್ತಿಲ್ಲವಂತೆ.

ಹಂತ 8: ಬದಲಾಯಿಸಿಕೊಳ್ಳುವ ಅವಧಿ ಮುಗಿಯುವ ಮುನ್ನ ಪರೀಕ್ಷೆ

ಬದಲಿ ಯಂತ್ರ ಕೇಳುವ ಅವಕಾಶ ಬಹುತೇಕ ಕೆಲವೇ ದಿನಗಳದ್ದಾದ್ದರಿಂದ ಮೊದಲ ಎರಡು ದಿನಗಳಲ್ಲಿಯೇ ಪರೀಕ್ಷೆ ಮುಗಿಸಬೇಕು. ವಿಂಡೋಸ್ ಅಪ್‌ಡೇಟ್, ಬಯಾಸ್, ಗ್ರಾಫಿಕ್ಸ್ ಡ್ರೈವರ್ ಹಾಕಿಕೊಂಡು, ಜೊತೆಗೆ ಬಂದ ಟ್ರಯಲ್ ಆ್ಯಂಟಿವೈರಸ್‌ನಂಥವುಗಳನ್ನು ತೆಗೆದುಹಾಕಿ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟುಗಳು ಬಳಕೆಯಲ್ಲಿವೆ, ವೇಗ ಎಷ್ಟು ಎಂದು ಬರೆದಿರುತ್ತದೆ. ಬಿಲ್ಲಿನೊಂದಿಗೆ ತಾಳೆ ನೋಡಿ. ವೇಗ ಕಡಿಮೆ ಕಂಡರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆಯನ್ನು ಹುಡುಕಿ. ಕಂಪನಿ ಬೋರ್ಡುಗಳಲ್ಲಿ ಅದು ಇರಲೇಬೇಕೆಂದೇನಿಲ್ಲ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಗ್ರಾಫಿಕ್ಸ್ ಕಾರ್ಡಿನ ನಿಜವಾದ ಹೆಸರನ್ನೂ ಮೆಮೊರಿಯನ್ನೂ ತೋರಿಸುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಸ್‌ಎಸ್‌ಡಿ ಈವರೆಗೆ ಎಷ್ಟು ಗಂಟೆ ಓಡಿದೆ ಎಂಬುದನ್ನು ಹೇಳುತ್ತದೆ. ಹೊಸದೆಂದು ಕೊಂಡ ಯಂತ್ರದಲ್ಲಿ ಅದು 400 ಗಂಟೆ ಎಂದು ತೋರಿಸಿದರೆ ನೇರವಾಗಿ ದೂರು ಕೊಡಿ.

ನಂತರ ನಡುಮಧ್ಯಾಹ್ನ, ಕಿಟಕಿ ಮುಚ್ಚಿದ ನಿಮ್ಮದೇ ಕೋಣೆಯಲ್ಲಿ, ಭಾರವಾದ ಆಟವೊಂದನ್ನು ಸತತ ಒಂದು ಗಂಟೆ ಓಡಿಸಿ, ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ಉಷ್ಣತೆಯನ್ನು ಗಮನಿಸಿ. ಗ್ರಾಫಿಕ್ಸ್ ಕಾರ್ಡು 80 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 9800ಎಕ್ಸ್3ಡಿಯ ಮಿತಿ 95 ಡಿಗ್ರಿ. ಆಟದಲ್ಲಿಯೇ ಅದು 90 ಮುಟ್ಟಿ ಅಲ್ಲಿಯೇ ನಿಂತರೆ ಕೂಲರ್ ಸರಿಯಾಗಿ ಕೂತಿಲ್ಲ ಎಂದರ್ಥ. ಕಿವಿಯನ್ನೂ ಬಳಸಿ: ಪಂಪಿನ ಗೊಳಗೊಳ ಮೊದಲ ದಿನ ಇದ್ದು ನಿಲ್ಲಬಹುದು, ಆದರೆ ಫ್ಯಾನಿನ ಕಟಕಟ ತಾನಾಗಿ ನಿಲ್ಲುವುದಿಲ್ಲ.

ದೋಷ ಕಂಡರೆ ಫೋನಿನಲ್ಲಿ ಮಾತಾಡಿ ಸುಮ್ಮನಾಗದೆ ದೂರಿನ ಸಂಖ್ಯೆ ಪಡೆದು, ಇಮೇಲಿನಲ್ಲಿ ಫೋಟೊ ಸಮೇತ ಬರೆಯಿರಿ. ಕಂಪನಿ ಎಳೆದಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅನೇಕ ದೂರುಗಳು ಅಲ್ಲಿಂದ ಒಂದು ಪತ್ರ ಹೋದ ಕೂಡಲೇ ಚುರುಕಾಗುತ್ತವೆ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಕಂಪನಿಯ ಕಚೇರಿ ಇರುವ ಊರಿಗೆ ಹೋಗಬೇಕಾಗಿಲ್ಲ.

ಪೆಟ್ಟಿಗೆ ಮತ್ತು ಒಳಗಿನ ಫೋಮನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ಮನೆ ಬದಲಿಸುವಾಗಲೂ ಅದೇ ಬೇಕಾಗುತ್ತದೆ. ವಾರಂಟಿ ಮುಗಿಯುವ ಒಂದು ತಿಂಗಳ ಮುಂಚಿನ ತಾರೀಖನ್ನು ಮೊಬೈಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ದಿನ ಮೇಲಿನ ಒಂದು ಗಂಟೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಪವರ್ ಸಪ್ಲೈನಿಂದ ಹೊಸ ಸದ್ದು ಬಂದರೂ ಅವತ್ತೇ ದೂರು ದಾಖಲಿಸಿ.